ಬೆಕ್ಕಿಗೆ ಇನ್ಸುಲಿನ್: 12 ಗಂಟೆಯ ಲೆಕ್ಕ ಏಕೆ? ಹೊತ್ತು ತಪ್ಪಿದರೆ ಏನು ಮಾಡಬೇಕು, ಏನು ಮಾಡಬಾರದು?

ಕೊಚ್ಚಿಯ ಕಾಕ್ಕನಾಡ್‌ನಲ್ಲಿ ಇನ್ಫೋಪಾರ್ಕ್ ಶುರುವಾಗಿದ್ದು 2004ರಲ್ಲಿ. ಅದಕ್ಕೂ ಮುಂಚೆ, 1990ರಲ್ಲೇ ತಿರುವನಂತಪುರದಲ್ಲಿ ಟೆಕ್ನೋಪಾರ್ಕ್ ಬಂದಿತ್ತು. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಹಾಗೆ ಇಲ್ಲಿಯೂ ಅಮೆರಿಕದ ಗಡಿಯಾರ ನೋಡಿಕೊಂಡು ರಾತ್ರಿಯಿಡೀ ಕೆಲಸ ಮಾಡುವವರಿದ್ದಾರೆ. ಬೆಳಗ್ಗೆ ಹೋಗಿ ಸಂಜೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವವರಿದ್ದಾರೆ. ವಾರಕ್ಕೊಮ್ಮೆ ಶಿಫ್ಟ್ ಬದಲಾಗುವವರೂ ಇದ್ದಾರೆ. ಇಂಥ ಮನೆಯ ಬೆಕ್ಕಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ಪಶುವೈದ್ಯರು ಹೇಳುವ ಮೊದಲ ಮಾತು ಒಂದೇ: ದಿನಕ್ಕೆ 2 ಇಂಜೆಕ್ಷನ್, ನಡುವೆ 12 ಗಂಟೆ ಅಂತರ.

ಕೇಳಲು ಸುಲಭ. ಆದರೆ ವರ್ಷಗಟ್ಟಲೆ ಪಾಲಿಸುವುದು ಹೇಗೆ? ಒಂದು ಗಂಟೆ ತಡವಾದರೆ ಬೆಕ್ಕಿಗೆ ಏನಾಗುತ್ತದೆ? ಪೂರ್ತಿ ಮರೆತುಹೋದರೆ? ಮನೆಯಲ್ಲಿ ಇಬ್ಬರೂ ಹಾಕಿಬಿಟ್ಟರೆ? ಬೆಕ್ಕು ಸಾಕಿರುವವರು ತಿಳಿದಿರಬೇಕಾದ ವಿವರ ಇಲ್ಲಿದೆ.

ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತದೆಯೇ?

ಖಂಡಿತ ಬರುತ್ತದೆ. ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಮನುಷ್ಯರ ಟೈಪ್ 2 ಮಧುಮೇಹವನ್ನು ಹೋಲುವ ಕಾಯಿಲೆ. ದೇಹದಲ್ಲಿ ಇನ್ಸುಲಿನ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಕ್ರಮೇಣ ಮೇದೋಜ್ಜೀರಕ ಗ್ರಂಥಿ ದಣಿದು ಇನ್ಸುಲಿನ್ ತಯಾರಿಕೆಯೂ ಕುಸಿಯುತ್ತದೆ. ನಡುವಯಸ್ಸು ದಾಟಿದ, ತೂಕ ಹೆಚ್ಚಿರುವ, ಮನೆಯೊಳಗೇ ಇರುವ, ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಗಂಡು ಬೆಕ್ಕುಗಳಲ್ಲಿ ಅಪಾಯ ಹೆಚ್ಚು. ಬೇರೆ ಕಾಯಿಲೆಗೆ ಕೊಟ್ಟ ಸ್ಟೀರಾಯ್ಡ್ ಔಷಧಗಳಿಂದಲೂ ಬರಬಹುದು.

ಲಕ್ಷಣಗಳೂ ಮನುಷ್ಯರದ್ದೇ: ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಚೆನ್ನಾಗಿ ತಿಂದರೂ ತೂಕ ಇಳಿಯುವುದು. ಟ್ರೇಯಲ್ಲಿ ದಿನವೂ ಕಾಣುವ ಒದ್ದೆ ಉಂಡೆಗಳು ದೊಡ್ಡದಾಗುತ್ತಿದ್ದರೆ, ನೀರಿನ ಬಟ್ಟಲು ಬೇಗ ಖಾಲಿಯಾಗುತ್ತಿದ್ದರೆ ತಡ ಮಾಡದೆ ತೋರಿಸಿ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿ ನಡೆಯಲು ಶುರು ಮಾಡುತ್ತವೆ. ಇದು ನರಗಳಿಗೆ ಪೆಟ್ಟು ಬಿದ್ದಿರುವ ಸೂಚನೆ.

ಆಸ್ಪತ್ರೆಗೆ ಹೋದಾಗ ಹೆದರಿಕೆಗೇ ಬೆಕ್ಕಿನ ರಕ್ತದ ಸಕ್ಕರೆ ಏರುವುದುಂಟು. ಹಾಗಾಗಿ ವೈದ್ಯರು ಒಂದೇ ರಕ್ತ ಪರೀಕ್ಷೆ ನೋಡಿ ತೀರ್ಮಾನಿಸುವುದಿಲ್ಲ. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡುತ್ತಾರೆ. ಹಿಂದಿನ ಒಂದೆರಡು ವಾರದ ಸರಾಸರಿ ಸಕ್ಕರೆಯನ್ನು ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸುತ್ತಾರೆ.

12 ಗಂಟೆಯೇ ಏಕೆ?

ಗ್ಲಾರ್ಜಿನ್ ಎಂಬ ಇನ್ಸುಲಿನ್ ಅನ್ನು ಮನುಷ್ಯರು ಸಾಮಾನ್ಯವಾಗಿ ದಿನಕ್ಕೊಮ್ಮೆ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನ ಬಯೋಕಾನ್ ಕಂಪನಿ 2009ರಲ್ಲಿ 'ಬಸಲಾಗ್' ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು ಇದೇ ಗ್ಲಾರ್ಜಿನ್. ಬೆಕ್ಕುಗಳಿಗೂ ಪಶುವೈದ್ಯರು ಇದನ್ನು ಬರೆದುಕೊಡುತ್ತಾರೆ. ಆದರೆ ಬೆಕ್ಕಿನ ದೇಹ ಇನ್ಸುಲಿನ್ ಅನ್ನು ನಮಗಿಂತ ಬೇಗ ಕರಗಿಸಿಬಿಡುತ್ತದೆ. ನಮಗೆ ಒಂದು ದಿನ ಬರುವ ಔಷಧ ಬೆಕ್ಕಿಗೆ ಸರಿಸುಮಾರು ಅರ್ಧ ದಿನಕ್ಕೆ ಮುಗಿಯುತ್ತದೆ. ಅದಕ್ಕೇ ದಿನಕ್ಕೆ 2 ಡೋಸ್.

ಒಂದು ಡೋಸ್ ಹಾಕಿದ ಮೇಲೆ ಒಳಗೆ ಆಗುವುದೇನು ಎಂದು ಗೊತ್ತಿದ್ದರೆ ಹೊತ್ತಿನ ಮಹತ್ವ ತಾನಾಗಿ ಅರ್ಥವಾಗುತ್ತದೆ. ಗ್ಲಾರ್ಜಿನ್ ಚರ್ಮದಡಿ ಸಣ್ಣ ಸಣ್ಣ ಹರಳುಗಳಾಗಿ ಕೂತು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಮೊದಲ ಒಂದೆರಡು ಗಂಟೆ ಸಕ್ಕರೆಯಲ್ಲಿ ದೊಡ್ಡ ವ್ಯತ್ಯಾಸ ಕಾಣದಿರಬಹುದು. ನಂತರ ಇಳಿಯುತ್ತಾ ಹೋಗಿ, ಹೆಚ್ಚಿನ ಬೆಕ್ಕುಗಳಲ್ಲಿ 4ರಿಂದ 8ನೇ ಗಂಟೆಯ ನಡುವೆ ತೀರಾ ತಳ ಮುಟ್ಟುತ್ತದೆ. ಅಲ್ಲಿಂದ ಮತ್ತೆ ಏರತೊಡಗಿ 12ನೇ ಗಂಟೆ ಹೊತ್ತಿಗೆ ಮುಂದಿನ ಡೋಸ್‌ಗೆ ಸಿದ್ಧವಾಗಿರುತ್ತದೆ. ಬೆಕ್ಕಿನಿಂದ ಬೆಕ್ಕಿಗೆ ಇದು ಬದಲಾಗುತ್ತದೆ. ಔಷಧ ಬೇರೆಯಾದರೆ ಗೆರೆಯೂ ಬೇರೆಯಾಗುತ್ತದೆ.

ದಿನವೂ ಒಂದೇ ಹೊತ್ತಿಗೆ ಹಾಕಿದರೆ ಈ ಏರಿಳಿತ ಒಂದು ಲಯಕ್ಕೆ ಬರುತ್ತದೆ. ಆಗ ಮಾತ್ರ ವೈದ್ಯರಿಗೆ ಡೋಸ್ ಸಾಕೋ, ಜಾಸ್ತಿಯೋ ಎಂದು ಹೇಳಲು ಸಾಧ್ಯ. ಇವತ್ತು 9 ಗಂಟೆ ಅಂತರ, ನಾಳೆ 15 ಗಂಟೆ ಅಂತರವಾದರೆ ಸಕ್ಕರೆ ಏರಿದ್ದು ಡೋಸ್ ಕಡಿಮೆಯಾಗಿಯೋ, ಹೊತ್ತು ತಪ್ಪಿಯೋ ಎಂದು ತಿಳಿಯುವುದಿಲ್ಲ. ಕಡಿಮೆಯಾಗಿದೆ ಎಂದುಕೊಂಡು ಡೋಸ್ ಏರಿಸಿದರೆ, ಸರಿಯಾದ ಹೊತ್ತಿಗೆ ಹಾಕಿದ ದಿನ ಅದೇ ಡೋಸ್ ಬೆಕ್ಕಿಗೆ ಮುಳುವಾಗಬಹುದು.

ಬೇಗ ಹಾಕಿದರೆ ಅಪಾಯವೋ, ತಡವಾದರೆ ಅಪಾಯವೋ?

ಇದೊಂದು ಮಾತು ನೆನಪಿಟ್ಟುಕೊಂಡರೆ ಅರ್ಧ ಚಿಂತೆ ಕಡಿಮೆ: ತಡವಾದರೆ ಸಕ್ಕರೆ ಏರುತ್ತದೆ, ಬೇಗ ಹಾಕಿದರೆ ಸಕ್ಕರೆ ಕುಸಿಯಬಹುದು.

ಅಪರೂಪಕ್ಕೆ ಒಂದೆರಡು ಗಂಟೆ ತಡವಾದರೆ ಬೆಕ್ಕಿಗೆ ಸ್ವಲ್ಪ ಹೆಚ್ಚು ಬಾಯಾರಿಕೆ, ಹೆಚ್ಚು ಮೂತ್ರ. ಅಷ್ಟಕ್ಕೆ ಜೀವಕ್ಕೆ ಅಪಾಯ ಬರುವುದಿಲ್ಲ. ಆದರೆ ಹಿಂದಿನ ಡೋಸ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಮುಂದಿನದನ್ನು ಹಾಕಿದರೆ ಎರಡರ ಪ್ರಭಾವವೂ ಒಂದರ ಮೇಲೊಂದು ಬೀಳುತ್ತದೆ. ರಕ್ತದ ಸಕ್ಕರೆ ಮಿತಿ ಮೀರಿ ಇಳಿದರೆ ಮಿದುಳಿಗೆ ಇಂಧನ ಸಿಗದೆ ಬೆಕ್ಕಿಗೆ ಫಿಟ್ಸ್ ಬರಬಹುದು, ಕೆಲವೇ ಗಂಟೆಗಳಲ್ಲಿ ಸಾಯಲೂಬಹುದು.

ಹಾಗೆಂದು ಕ್ಷಣ ಕ್ಷಣ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಅರ್ಧ ಗಂಟೆ ಆಚೀಚೆಯಾದರೆ ಸಾಮಾನ್ಯವಾಗಿ ವೈದ್ಯರು ತಲೆಕೆಡಿಸಿಕೊಳ್ಳುವುದಿಲ್ಲ. ಒಮ್ಮೊಮ್ಮೆ ಒಂದು ಗಂಟೆ ಆಚೀಚೆಯಾದರೂ ಹೆಚ್ಚಿನ ಬೆಕ್ಕುಗಳು ತಡೆದುಕೊಳ್ಳುತ್ತವೆ. ಆದರೆ ದಿನವೂ ಹಾಗೇ ಆಗುತ್ತಿದ್ದರೆ ನೀವು ಆಯ್ದುಕೊಂಡ ಹೊತ್ತೇ ನಿಮ್ಮ ಮನೆಗೆ ಹೊಂದುತ್ತಿಲ್ಲ ಎಂದರ್ಥ.

ಶಿಫ್ಟ್ ಕೆಲಸದವರು ಹೊತ್ತು ಆಯ್ದುಕೊಳ್ಳುವುದು ಹೇಗೆ?

ಬೆಳಗ್ಗೆ 8, ರಾತ್ರಿ 8 ಎಂಬುದು ಕಾನೂನೇನಲ್ಲ. ಬೆಕ್ಕಿಗೆ ಗಡಿಯಾರ ಗೊತ್ತಿಲ್ಲ, ಅಂತರ ಮಾತ್ರ ಗೊತ್ತು. 5 ಮತ್ತು 5 ಆದರೂ ಸರಿ, 10 ಮತ್ತು 10 ಆದರೂ ಸರಿ.

ಹೊತ್ತು ಗೊತ್ತುಮಾಡುವಾಗ ನೀವು ಸಾಮಾನ್ಯವಾಗಿ ಮನೆ ಸೇರುವ ಹೊತ್ತನ್ನಲ್ಲ, ಅತಿ ತಡವಾಗಿ ಸೇರುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯಿರಿ. ಕಾಕ್ಕನಾಡ್‌ನಿಂದ ಸೀಪೋರ್ಟ್-ಏರ್‌ಪೋರ್ಟ್ ರಸ್ತೆಯಲ್ಲಿ ಮಳೆಗಾಲದ ಸಂಜೆ ಹೊರಟವರಿಗೂ, ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟಿ ಬರುವವರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 7ಕ್ಕೆ ಮನೆ ಸೇರುವುದು ರೂಢಿ, ಆದರೆ ವಾರದಲ್ಲಿ ಒಂದೆರಡು ದಿನ 8 ದಾಟುತ್ತದೆ ಎಂದಾದರೆ 7 ಗಂಟೆಯನ್ನು ಆಯ್ದುಕೊಳ್ಳಬೇಡಿ. ಬೆಳಗ್ಗೆ 8.30ಕ್ಕೆ ಮನೆ ಬಿಡುವವರಾದರೆ 8.15 ಮತ್ತು 8.15 ಇಟ್ಟುಕೊಳ್ಳಿ.

ಖಾಯಂ ರಾತ್ರಿ ಪಾಳಿಯವರಿಗೆ ಲೆಕ್ಕ ಇನ್ನೂ ಸುಲಭ. ಸಂಜೆ 5.30ಕ್ಕೆ ಹೊರಟು ಬೆಳಗಿನ ಜಾವ 4.30ಕ್ಕೆ ಮರಳುವವರು ಸಂಜೆ 5, ಬೆಳಗ್ಗೆ 5 ಎಂದು ಇಟ್ಟುಕೊಳ್ಳಬಹುದು. ಕೆಲಸಕ್ಕೆ ಹೋಗುವ ಮುಂಚೆ ಒಂದು, ಮಲಗುವ ಮುಂಚೆ ಒಂದು.

ಕಷ್ಟ ಇರುವುದು ವಾರವಾರ ಶಿಫ್ಟ್ ಬದಲಾಗುವವರಿಗೆ. ಒಂದು ವಾರ ಬೆಳಗ್ಗೆ 8.30ರಿಂದ ಸಂಜೆ 7.30ರವರೆಗೆ ಮನೆಯಲ್ಲಿರುವುದಿಲ್ಲ, ಮುಂದಿನ ವಾರ ಸಂಜೆ 5.30ರಿಂದ ಬೆಳಗಿನ 4.30ರವರೆಗೆ ಇರುವುದಿಲ್ಲ ಎಂದುಕೊಳ್ಳಿ. ಬೆಳಗ್ಗೆ 4.30ರಿಂದ 8.30ರ ನಡುವೆ ಎರಡೂ ವಾರ ಮನೆಯಲ್ಲಿರುತ್ತೀರಿ. ಅದಕ್ಕೆ ಸರಿಯಾಗಿ 12 ಗಂಟೆ ನಂತರದ ಹೊತ್ತು ಸಂಜೆ 4.30ರಿಂದ 8.30. ಆ ಹೊತ್ತಿನಲ್ಲಿ 7.30ರ ನಂತರ ಮೊದಲ ವಾರ ಇರುತ್ತೀರಿ, 5.30ರ ತನಕ ಎರಡನೇ ವಾರ ಇರುತ್ತೀರಿ. ಎರಡೂ ವಾರಕ್ಕೆ ಹೊಂದುವ ಹೊತ್ತು ಒಂದೂ ಇಲ್ಲ. ಇಂಥ ಸಂದರ್ಭದಲ್ಲಿ ಒಬ್ಬರ ಕೈಯಲ್ಲಿ ಆಗುವ ಕೆಲಸವಿದಲ್ಲ, ಎರಡನೆಯವರೊಬ್ಬರು ಬೇಕೇ ಬೇಕು. ಮನೆಯವರೋ, ಪಕ್ಕದ ಫ್ಲ್ಯಾಟಿನವರೋ, ಹತ್ತಿರದ ಕ್ಲಿನಿಕ್‌ನ ಸಹಾಯಕರೋ, ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಶಿಫ್ಟ್ ಜೊತೆ ಇಂಜೆಕ್ಷನ್ ಹೊತ್ತನ್ನೂ ವಾರವಾರ ಎಳೆದಾಡುವುದು ಬೇಡ.

ಹೊತ್ತು ಬದಲಿಸಲೇಬೇಕಾದರೆ?

ಕೆಲಸ ಬದಲಾಯಿತು, ಮಕ್ಕಳ ಶಾಲೆ ಹೊತ್ತು ಬದಲಾಯಿತು, ಮನೆ ಬದಲಾಯಿತು. ಆಗ ಒಮ್ಮೆಲೇ ಜಿಗಿಯದೆ, ವೈದ್ಯರಿಗೆ ತಿಳಿಸಿ ಮೆಲ್ಲಗೆ ಸರಿಸಬೇಕು. ಸಾಮಾನ್ಯವಾಗಿ ಪಾಲಿಸುವ ಕ್ರಮ ಪ್ರತಿ ಡೋಸ್‌ಗೆ 15 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆ.

ಉದಾಹರಣೆಗೆ, 8 ಗಂಟೆಯ ಡೋಸ್ 6ಕ್ಕೆ ಬರಬೇಕು ಎಂದಿಟ್ಟುಕೊಳ್ಳಿ. ಸರಿಸಬೇಕಾದದ್ದು 120 ನಿಮಿಷ. ಒಂದು ಡೋಸ್‌ಗೆ 15 ನಿಮಿಷದಂತೆ 8 ಡೋಸ್, ಅಂದರೆ 4 ದಿನ. ಸೋಮವಾರ ಬೆಳಗ್ಗೆ 7.45, ಅಂದು ರಾತ್ರಿ 7.30, ಮಂಗಳವಾರ ಬೆಳಗ್ಗೆ 7.15, ರಾತ್ರಿ 7 ಹೀಗೆ ಇಳಿಸುತ್ತಾ ಹೋದರೆ ಗುರುವಾರ ರಾತ್ರಿ 6ಕ್ಕೆ ಬಂದು ನಿಲ್ಲುತ್ತದೆ. ಯಾವ ಎರಡು ಡೋಸ್ ನಡುವೆಯೂ ಅಂತರ 11 ಗಂಟೆ 45 ನಿಮಿಷಕ್ಕಿಂತ ಕಡಿಮೆಯಾಗುವುದಿಲ್ಲ.

ವಿದೇಶದಲ್ಲಿರುವ ಕನ್ನಡಿಗರಿಗೆ ಇನ್ನೊಂದು ತಲೆನೋವು ಇದೆ. ಅಮೆರಿಕದಲ್ಲಿ ಮಾರ್ಚ್‌ನ 2ನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ಆ ರಾತ್ರಿ ಬೆಕ್ಕಿನ ದೇಹದಲ್ಲಿ ಏನೂ ಬದಲಾಗಿರುವುದಿಲ್ಲ. ಮೇಲಿನ ಕ್ರಮದಲ್ಲೇ 4 ಡೋಸ್‌ಗಳಲ್ಲಿ ಹೊಸ ಗಡಿಯಾರಕ್ಕೆ ಹೊಂದಿಸಬಹುದು. ಭಾರತದಲ್ಲಿ ಈ ರಗಳೆ ಇಲ್ಲ.

ಡೋಸ್ ತಪ್ಪಿದರೆ?

ಇದಕ್ಕೆ ಎಲ್ಲ ಬೆಕ್ಕುಗಳಿಗೂ ಅನ್ವಯವಾಗುವ ಒಂದೇ ನಿಯಮವಿಲ್ಲ. ಮೊದಲ ದಿನವೇ 'ಎಷ್ಟು ಗಂಟೆ ತಡವಾದರೆ ಹಾಕಬಹುದು, ಎಷ್ಟಾದರೆ ಬಿಡಬೇಕು' ಎಂದು ನಿಮ್ಮ ವೈದ್ಯರಿಂದ ಬರೆಸಿಕೊಂಡು ಫ್ರಿಡ್ಜ್ ಬಾಗಿಲಿಗೆ ಅಂಟಿಸಿ. ವೈದ್ಯರು ಸಾಮಾನ್ಯವಾಗಿ ಹೇಳುವುದು ಹೀಗೆ:

• ಸುಮಾರು ಒಂದು ಗಂಟೆಯೊಳಗೆ ನೆನಪಾದರೆ ಎಂದಿನ ಡೋಸ್ ಹಾಕಿ. ಮುಂದಿನದನ್ನು ಎಂದಿನ ಹೊತ್ತಿಗೇ ಮುಂದುವರಿಸಬಹುದು.

• ಮೂರ್ನಾಲ್ಕು ಗಂಟೆ ಕಳೆದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಒಂದೋ ಆ ಡೋಸ್ ಬಿಟ್ಟು ಮುಂದಿನದನ್ನು ಸರಿಯಾದ ಹೊತ್ತಿಗೆ ಹಾಕಲು ಹೇಳುತ್ತಾರೆ. ಇಲ್ಲವೇ ಈಗಲೇ ಹಾಕಿ, ಅಲ್ಲಿಂದ 12 ಗಂಟೆ ಎಣಿಸಿ, ನಂತರ ಮೆಲ್ಲಗೆ ಹಳೆಯ ಹೊತ್ತಿಗೆ ತರಲು ಹೇಳುತ್ತಾರೆ.

• ವೈದ್ಯರು ಸಿಗದಿದ್ದರೆ ಆ ಡೋಸ್ ಬಿಟ್ಟುಬಿಡುವುದೇ ಕ್ಷೇಮ. ಆರಾಮಾಗಿ ಓಡಾಡಿಕೊಂಡು ತಿನ್ನುತ್ತಿರುವ ಬೆಕ್ಕಿಗೆ ಒಂದು ಡೋಸ್ ತಪ್ಪಿದರೆ ದೊಡ್ಡ ಅನಾಹುತವಾಗುವುದಿಲ್ಲ. ಆದರೆ ಪದೇ ಪದೇ ತಪ್ಪಿಸಬೇಡಿ.

• ತಪ್ಪಿದ್ದನ್ನು ಸರಿದೂಗಿಸಲು ಮುಂದಿನ ಸಲ ಎರಡು ಪಟ್ಟು ಹಾಕಬೇಡಿ. ಯಾವ ಕಾರಣಕ್ಕೂ ಬೇಡ.

ಸೂಜಿ ಚುಚ್ಚುವಾಗ ಬೆಕ್ಕು ಕೊಸರಿಕೊಂಡು ಔಷಧ ತುಪ್ಪಳದ ಮೇಲೆ ಚೆಲ್ಲಿದ್ದೂ ಇರುತ್ತದೆ. ಕೂದಲು ಒದ್ದೆಯಾಗಿ ಔಷಧದ ವಾಸನೆ ಬರುತ್ತಿದ್ದರೂ ಒಳಗೆ ಎಷ್ಟು ಹೋಗಿದೆ ಎಂದು ಯಾರಿಗೂ ಹೇಳಲಾಗದು. ಆಗಲೂ ಮತ್ತೊಮ್ಮೆ ಹಾಕುವಂತಿಲ್ಲ. ಮುಂದಿನ ಹೊತ್ತಿನವರೆಗೆ ಕಾಯಬೇಕು.

ಇಬ್ಬರು ನೋಡಿಕೊಳ್ಳುವ ಮನೆಯಲ್ಲಿ ಎಚ್ಚರ

ಗಂಡ ಹಾಕಿದ್ದು ಹೆಂಡತಿಗೆ ಗೊತ್ತಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರು ನಿದ್ದೆಗಣ್ಣಲ್ಲಿ ಮತ್ತೊಮ್ಮೆ ಹಾಕುತ್ತಾರೆ. ಮರೆತು ತಡವಾಗುವುದಕ್ಕಿಂತ ಈ ಎರಡನೇ ಸೂಜಿ ಹೆಚ್ಚು ಅಪಾಯಕಾರಿ. ತಡೆಯಲು ದುಬಾರಿ ಉಪಕರಣವೇನೂ ಬೇಡ.

ಫ್ರಿಡ್ಜ್ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿ, ದಿನಕ್ಕೆ 2 ಚೌಕ ಗುರುತಿಸಿ. ಸೂಜಿ ಹಾಕಿದವರೇ, ಹಾಕಿದ ತಕ್ಷಣ, ಹೊತ್ತು ಬರೆದು ಸಹಿ ಹಾಕಬೇಕು. ಆಮೇಲೆ ಬರೆಯುತ್ತೇನೆ ಎನ್ನುವಂತಿಲ್ಲ. ವಾರದ ಆರಂಭದಲ್ಲೇ 14 ಸಿರಿಂಜ್ ಎಣಿಸಿ ಒಂದು ಡಬ್ಬಿಯಲ್ಲಿಡುವುದು ಇನ್ನೂ ಒಳ್ಳೆಯದು. ಅನುಮಾನ ಬಂದಾಗ ಉಳಿದದ್ದನ್ನು ಎಣಿಸಿದರೆ ಉತ್ತರ ಸಿಗುತ್ತದೆ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ 'ಹಾಯ್ತು' ಎಂದೊಂದು ಸಂದೇಶ ಹಾಕಿದರೂ ಸಾಕು, ಅದರಲ್ಲಿ ಹೊತ್ತು ತಾನಾಗಿ ದಾಖಲಾಗಿರುತ್ತದೆ.

ಹಾಕಿದ್ದೇವೋ ಇಲ್ಲವೋ ಎಂಬ ಅನುಮಾನ ಬಗೆಹರಿಯದಿದ್ದರೆ ಹಾಕಿದ್ದೇವೆ ಎಂದೇ ತಿಳಿಯಿರಿ. ಎರಡು ಸಲ ಹಾಕಿದ್ದು ಖಚಿತವಾದರೆ ಲಕ್ಷಣ ಕಾಣುವವರೆಗೆ ಕಾಯಬೇಡಿ. ಬೆಕ್ಕಿಗೆ ಊಟ ಕೊಟ್ಟು ತಕ್ಷಣ ವೈದ್ಯರಿಗೆ ಫೋನ್ ಮಾಡಿ. ಗಂಟೆಗಟ್ಟಲೆ ನಿಗಾ ಬೇಕಾಗುತ್ತದೆ.

ಮೊದಲು ಊಟ, ಆಮೇಲೆ ಸೂಜಿ

ಬೆಕ್ಕು ತಿನ್ನುತ್ತಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಇಂಜೆಕ್ಷನ್ ಹಾಕಿ. ತಿನ್ನುತ್ತಿರುವಾಗಲೇ ಹೆಗಲ ಬಳಿಯ ಅಥವಾ ಪಕ್ಕೆಯ ಸಡಿಲ ಚರ್ಮ ಎತ್ತಿ ಹಾಕಿದರೆ ಹಲವು ಬೆಕ್ಕುಗಳು ತಿರುಗಿಯೂ ನೋಡುವುದಿಲ್ಲ. ಒಂದೇ ಜಾಗಕ್ಕೆ ಪದೇ ಪದೇ ಚುಚ್ಚಬೇಡಿ. ತಿನ್ನದಿದ್ದರೆ, ವಾಂತಿ ಮಾಡಿಕೊಂಡಿದ್ದರೆ ಎಂದಿನಂತೆ ಪೂರ್ತಿ ಡೋಸ್ ಹಾಕದೆ ಮೊದಲು ವೈದ್ಯರನ್ನು ಕೇಳಿ.

ಆಹಾರದ ವಿಚಾರದಲ್ಲಿ ನಮ್ಮ ಕಡೆಯ ರೂಢಿಗಳನ್ನು ಸ್ವಲ್ಪ ಬದಲಿಸಬೇಕಾಗುತ್ತದೆ. ಕರ್ನಾಟಕದ ಮನೆಗಳಲ್ಲಿ ಬೆಕ್ಕಿಗೆ ಹಾಲು-ಅನ್ನ, ಕೇರಳದಲ್ಲಿ ಅನ್ನದ ಜೊತೆ ಮತ್ತಿ, ಅಂದರೆ ನಮ್ಮ ಕರಾವಳಿಯ ಬೂತಾಯಿ. ಬೆಕ್ಕು ಮೂಲತಃ ಮಾಂಸಾಹಾರಿ. ಅನ್ನದ ಪಿಷ್ಟ ಸಕ್ಕರೆಯನ್ನು ಏರಿಸುತ್ತದೆ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಪ್ರೋಟೀನ್ ಹೆಚ್ಚಿರುವ, ಪಿಷ್ಟ ಕಡಿಮೆ ಇರುವ ಆಹಾರ ಸೂಕ್ತ. ಆದರೆ ಇನ್ಸುಲಿನ್ ನಡೆಯುತ್ತಿರುವಾಗ ಒಂದೇ ದಿನ ಅನ್ನ ನಿಲ್ಲಿಸಿಬಿಡಬೇಡಿ. ಹಳೆಯ ಊಟಕ್ಕೆ ಹೊಂದಿಸಿದ್ದ ಡೋಸ್ ಹೊಸ ಊಟಕ್ಕೆ ಜಾಸ್ತಿಯಾಗಿ ಸಕ್ಕರೆ ಕುಸಿಯಬಹುದು. ವೈದ್ಯರ ಸಲಹೆಯಂತೆ ಊಟ ಮತ್ತು ಡೋಸ್ ಎರಡನ್ನೂ ಜೊತೆಜೊತೆಗೆ ಬದಲಿಸಬೇಕು.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ: ಸಿರಿಂಜ್ ಗೊಂದಲ

ಭಾರತದ ಔಷಧ ಅಂಗಡಿಗಳಲ್ಲಿ 2 ಬಗೆಯ ಇನ್ಸುಲಿನ್ ಸಿಗುತ್ತದೆ. ಒಂದು ಮಿಲಿಲೀಟರ್‌ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜ್‌ಗಳೂ ಬೇರೆ ಬೇರೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ '2' ಎಂಬ ಗೆರೆಯವರೆಗೆ ಎಳೆದರೆ ಬೆಕ್ಕಿನ ದೇಹ ಸೇರುವುದು 5 ಯೂನಿಟ್, ಅಂದರೆ ಎರಡೂವರೆ ಪಟ್ಟು. ಒಂದೆರಡು ಯೂನಿಟ್‌ನಲ್ಲೇ ಚಿಕಿತ್ಸೆ ನಡೆಯುವ ಪುಟ್ಟ ಪ್ರಾಣಿಗೆ ಇದು ಮಾರಕವಾಗಬಹುದು. ಬಾಟಲಿ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಒಂದೇ ಇರಬೇಕು.

ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ತಂದ ಇನ್ಸುಲಿನ್ ಇದೆ ಎಂದು ಬೆಕ್ಕಿಗೆ ಹಾಕಬೇಡಿ. ಬೇಗ ಕೆಲಸ ಮಾಡುವುದು, ನಿಧಾನವಾಗಿ ಮಾಡುವುದು, ಎರಡೂ ಬೆರೆಸಿದ್ದು ಹೀಗೆ ಇನ್ಸುಲಿನ್‌ನಲ್ಲಿ ಹಲವು ವಿಧ. ಅದು ಬದಲಾದರೆ 12 ಗಂಟೆಯ ಲೆಕ್ಕವೇ ತಲೆಕೆಳಗಾಗುತ್ತದೆ.

ಕರೆಂಟ್ ಹೋದರೆ ಇನ್ಸುಲಿನ್ ಕೆಡುತ್ತದೆಯೇ?

ಹೊತ್ತು ಸರಿಯಾಗಿದ್ದು ಔಷಧವೇ ಸತ್ವ ಕಳೆದುಕೊಂಡಿದ್ದರೆ ಪ್ರಯೋಜನವಿಲ್ಲ. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರಿಡ್ಜ್‌ನಲ್ಲಿ ಇಡಬೇಕು. ಫ್ರೀಜರ್‌ನಲ್ಲಿ ಬೇಡ, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಲೇಬೇಕು. ತೆರೆದ ದಿನಾಂಕವನ್ನು ಬಾಟಲಿ ಮೇಲೆ ಬರೆದಿಡಿ.

ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವುದು ಕೊಚ್ಚಿಗೂ ಹೊಸದಲ್ಲ, ಮಲೆನಾಡಿಗೂ ಹೊಸದಲ್ಲ. ಅಷ್ಟಕ್ಕೇ ಗಾಬರಿ ಬೇಡ. ಕೀನ್ಯಾದ ನಿರಾಶ್ರಿತರ ಶಿಬಿರದ ವಾತಾವರಣವನ್ನು ಆಧರಿಸಿ ಜಿನೀವಾ ವಿಶ್ವವಿದ್ಯಾಲಯ ಮತ್ತು 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಗಿದೆ. ಮನುಷ್ಯರು ಬಳಸುವ ಹಲವು ಬಗೆಯ ಇನ್ಸುಲಿನ್ 25ರಿಂದ 37 ಡಿಗ್ರಿ ನಡುವೆ 4 ವಾರ ಇದ್ದರೂ ಸತ್ವ ಉಳಿಸಿಕೊಂಡಿದ್ದವು ಎಂದು ಅದು ಹೇಳಿದೆ. ಕರೆಂಟ್ ಹೋದಾಗ ಫ್ರಿಡ್ಜ್ ಬಾಗಿಲನ್ನು ಪದೇ ಪದೇ ತೆರೆಯಬೇಡಿ. ಹೆಚ್ಚು ಹೊತ್ತಾದರೆ ಮಣ್ಣಿನ ಮಡಕೆಯೊಳಗೆ ತಂಪಾದ ಜಾಗದಲ್ಲಿಡಿ, ನೀರು ತಾಗದಂತೆ ನೋಡಿಕೊಳ್ಳಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ. ಔಷಧದ ಬಣ್ಣ ಬದಲಾಗಿದ್ದರೆ, ತಿಳಿಯಾಗಿರಬೇಕಾದ್ದು ಕದಡಿದ್ದರೆ, ಸಕ್ಕರೆ ಕಾರಣವಿಲ್ಲದೆ ಏರುತ್ತಿದ್ದರೆ ಹೊಸ ಬಾಟಲಿ ತನ್ನಿ.

ಅಪಾಯದ ಸೂಚನೆಗಳು

ಸಕ್ಕರೆ ಕುಸಿದಾಗ ಬೆಕ್ಕು ಸುಸ್ತಾಗುತ್ತದೆ, ತೂರಾಡುತ್ತದೆ, ಇದ್ದಕ್ಕಿದ್ದಂತೆ ಹಸಿವಿನಿಂದ ಕೂಗಬಹುದು, ನಡುಗಬಹುದು, ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ತಿನ್ನುವ ಸ್ಥಿತಿಯಲ್ಲಿದ್ದರೆ ತಕ್ಷಣ ಊಟ ಕೊಡಿ. ಇಲ್ಲದಿದ್ದರೆ ಜೇನುತುಪ್ಪ, ಸಕ್ಕರೆ ಪಾಕ ಅಥವಾ ನೀರಲ್ಲಿ ಕಲಸಿದ ಗ್ಲೂಕೋಸ್ ಪುಡಿಯನ್ನು ಒಸಡಿಗೆ ಸವರಿ, ಆಸ್ಪತ್ರೆಗೆ ಓಡಿ. ಬಾಯಿಗೆ ನೀರು ಸುರಿಯಬೇಡಿ. ಫಿಟ್ಸ್ ಬರುತ್ತಿರುವಾಗ ಬಾಯೊಳಗೆ ಬೆರಳಿಡಬೇಡಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು, ಇನ್ಸುಲಿನ್ ಪ್ರಭಾವ ಇನ್ನೂ ಉಳಿದಿರುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ದಿನಗಟ್ಟಲೆ ಇನ್ಸುಲಿನ್ ಸಾಲದಿದ್ದರೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಆಮ್ಲಗಳನ್ನು ರಕ್ತಕ್ಕೆ ತುಂಬುತ್ತದೆ. ಊಟ ಬಿಡುವುದು, ವಾಂತಿ, ಮಂಕು, ಉಸಿರಿನಲ್ಲಿ ನೇಲ್ ಪಾಲಿಶ್‌ನಂಥ ವಾಸನೆ ಇದರ ಲಕ್ಷಣ. ಇದು ಮನೆಮದ್ದಿಗೆ ಬಗ್ಗುವುದಿಲ್ಲ, ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು.

ರಾತ್ರಿ ತೆರೆದಿರುವ ಪಶು ಆಸ್ಪತ್ರೆ ನಿಮ್ಮ ಊರಲ್ಲಿ ಯಾವುದು ಎಂದು ಇವತ್ತೇ ತಿಳಿದುಕೊಂಡು ನಂಬರ್ ಸೇವ್ ಮಾಡಿಡಿ. ಸಂಚಾರಿ ಪಶು ಚಿಕಿತ್ಸೆಯ 1962 ಸಹಾಯವಾಣಿ ಮುಖ್ಯವಾಗಿ ಜಾನುವಾರುಗಳಿಗೆಂದು ಇರುವುದು. ಅದೊಂದನ್ನೇ ನಂಬಿ ಕೂರಬೇಡಿ.

ಮನೆಯಲ್ಲೇ ಕಿವಿಯ ಅಂಚಿಗೆ ಸಣ್ಣದಾಗಿ ಚುಚ್ಚಿ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡುವುದನ್ನು ಕಲಿತರೆ ಹೆಚ್ಚಿನ ಅಪಾಯ ತಪ್ಪುತ್ತದೆ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ಯಾವ ಅಂಕಿಗಿಂತ ಕೆಳಗಿದ್ದರೆ ಸೂಜಿ ಹಾಕಬಾರದು ಎಂಬುದನ್ನೂ ವೈದ್ಯರಿಂದ ಬರೆಸಿಕೊಳ್ಳಿ.

ಊರಿಗೆ ಹೋಗುವಾಗ?

ಓಣಂಗೋ ದೀಪಾವಳಿಗೋ ಕೊಚ್ಚಿಯಿಂದ ಬೆಂಗಳೂರಿಗೆ ಹೊರಟರೆ ರಸ್ತೆಯಲ್ಲೇ ಹತ್ತು ಗಂಟೆ ಕಳೆದುಹೋಗುತ್ತದೆ. ಸೂಜಿ ಹಾಕಿ ಹೊರಟರೆ ಮುಂದಿನದಕ್ಕೆ ಊರು ಸೇರಿರುತ್ತೀರಿ. ಆದರೆ ಪ್ರಯಾಣದಲ್ಲಿ ಬೆಕ್ಕು ಊಟ ಬಿಡುವುದು ಸಾಮಾನ್ಯ. ಆ ದಿನದ ಡೋಸ್ ಬಗ್ಗೆ ಮೊದಲೇ ಕೇಳಿಟ್ಟುಕೊಳ್ಳಿ. ಇನ್ಸುಲಿನ್ ಅನ್ನು ಬಟ್ಟೆಯಲ್ಲಿ ಸುತ್ತಿ ಐಸ್ ಪ್ಯಾಕ್ ಜೊತೆ ಒಯ್ಯಿರಿ, ಐಸ್‌ಗೆ ನೇರವಾಗಿ ತಾಗಬಾರದು. ವಿಮಾನದಲ್ಲಾದರೆ ಕೈಚೀಲದಲ್ಲೇ ಇರಲಿ.

ಬೆಕ್ಕನ್ನು ಮನೆಯಲ್ಲೇ ಬಿಟ್ಟು ಹೋಗುವುದಾದರೆ, ನೋಡಿಕೊಳ್ಳುವವರು ನಿಮ್ಮ ಮುಂದೆಯೇ ಕನಿಷ್ಠ ನಾಲ್ಕೈದು ಸಲ ಸೂಜಿ ಹಾಕಿ ಕೈ ಪಳಗಿಸಿಕೊಳ್ಳಲಿ.

ಇದು ಜೀವನಪರ್ಯಂತವೇ?

ಇಲ್ಲದಿರಬಹುದು. ನಾಯಿಗಳಿಗೆ ಹೋಲಿಸಿದರೆ ಬೆಕ್ಕುಗಳಿಗಿರುವ ದೊಡ್ಡ ಅನುಕೂಲ ಇದು. ಮೊದಲ ಕೆಲವು ತಿಂಗಳು ಸಕ್ಕರೆಯನ್ನು ಹಿಡಿತದಲ್ಲಿಟ್ಟರೆ ದಣಿದ ಗ್ರಂಥಿ ಚೇತರಿಸಿಕೊಂಡು ಇನ್ಸುಲಿನ್ ಬೇಡವಾಗುವ ಸಾಧ್ಯತೆ ಇದೆ. 2009ರಲ್ಲಿ ಪ್ರಕಟವಾದ, 55 ಬೆಕ್ಕುಗಳ ಅಧ್ಯಯನವೊಂದರಲ್ಲಿ ಮನೆಯಲ್ಲೇ ಸಕ್ಕರೆ ಪರೀಕ್ಷಿಸಿ ಗ್ಲಾರ್ಜಿನ್ ಕೊಡಲಾಗಿತ್ತು. ಶೇ 64ರಷ್ಟು ಬೆಕ್ಕುಗಳಿಗೆ ಇನ್ಸುಲಿನ್ ನಿಲ್ಲಿಸಲು ಸಾಧ್ಯವಾಯಿತು. ಕಾಯಿಲೆ ಗೊತ್ತಾದ 6 ತಿಂಗಳೊಳಗೆ ಇಂಥ ಬಿಗಿ ಚಿಕಿತ್ಸೆ ಶುರು ಮಾಡಿದವುಗಳಲ್ಲಿ ಶೇ 84, ತಡವಾಗಿ ಶುರು ಮಾಡಿದವುಗಳಲ್ಲಿ ಶೇ 35. ಎಲ್ಲ ಅಧ್ಯಯನಗಳಲ್ಲೂ ಪ್ರಮಾಣ ಇಷ್ಟೇ ಇಲ್ಲ, ಕಾಯಿಲೆ ಮರುಕಳಿಸುವುದೂ ಉಂಟು. ಆದರೂ ಮೊದಲ ತಿಂಗಳುಗಳ ಶಿಸ್ತಿಗೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ದಿನಕ್ಕೊಮ್ಮೆ ಬಾಯಿಗೆ ಕೊಡುವ ಔಷಧಗಳೂ ಬಂದಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ, 2023ರ ಆಗಸ್ಟ್‌ನಲ್ಲಿ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ ಅನುಮತಿ ನೀಡಿತು. ಮೊದಲು ಇನ್ಸುಲಿನ್ ಪಡೆದಿರದ, ಬೇರೆ ಕಾಯಿಲೆ ಇಲ್ಲದ ಬೆಕ್ಕುಗಳಿಗಷ್ಟೇ ಇವು. ಸಕ್ಕರೆ ಹೆಚ್ಚು ಕಾಣದಿದ್ದರೂ ಕೀಟೋನ್ ಏರುವ ಅಪಾಯ ಇವುಗಳಲ್ಲಿದೆ. ಮನುಷ್ಯರಿಗೆಂದು ಸಿಗುವ ಇದೇ ಗುಂಪಿನ ಮಾತ್ರೆಗಳನ್ನು ಸ್ವಂತ ತೀರ್ಮಾನದಿಂದ ಬೆಕ್ಕಿಗೆ ಕೊಡಬೇಡಿ.

ಕೈಚೆಲ್ಲುವ ಮುನ್ನ

ಸಾವಿರಕ್ಕೂ ಹೆಚ್ಚು ಪಶುವೈದ್ಯರನ್ನು ಕೇಳಿ ನಡೆಸಿದ ಅಂತರರಾಷ್ಟ್ರೀಯ ಸಮೀಕ್ಷೆಯೊಂದು 2017ರಲ್ಲಿ ಪ್ರಕಟವಾಯಿತು. ವೈದ್ಯರ ಅಂದಾಜಿನಂತೆ, ಸಕ್ಕರೆ ಕಾಯಿಲೆಯ ಸಾಕುಪ್ರಾಣಿಗಳಲ್ಲಿ ಸುಮಾರು 10ರಲ್ಲಿ ಒಂದಕ್ಕೆ ಕಾಯಿಲೆ ಗೊತ್ತಾದ ಹೊತ್ತಿನಲ್ಲೇ ದಯಾಮರಣ ಕೊಡಲಾಗುತ್ತದೆ. ಇನ್ನೂ 10ರಲ್ಲಿ ಒಂದಕ್ಕೆ ಒಂದು ವರ್ಷದೊಳಗೆ. ಬೆಕ್ಕು ಸಾಕಿದವರನ್ನು ಕೇಳಿದ ಇನ್ನೊಂದು ಅಧ್ಯಯನದಲ್ಲಿ ಎದ್ದು ಕಂಡ ಕಷ್ಟಗಳು ಊರಿಗೆ ಹೋಗುವಾಗ ಬೆಕ್ಕನ್ನು ಯಾರ ಬಳಿ ಬಿಡುವುದು, ಸಕ್ಕರೆ ಕುಸಿದೀತೆಂಬ ಭಯ, ಕೆಲಸಕ್ಕೂ ಓಡಾಟಕ್ಕೂ ಆಗುವ ಅಡ್ಡಿ. ಅಂದರೆ ಎಷ್ಟೋ ಮಂದಿಯನ್ನು ಸೋಲಿಸುವುದು ವೇಳಾಪಟ್ಟಿಯ ಹೆದರಿಕೆ.

ಆ ಹೆದರಿಕೆಗೆ ಉತ್ತರ ನಿಮಿಷದ ಲೆಕ್ಕವಲ್ಲ. ಮನೆಗೆ ಹೊಂದುವ ಹೊತ್ತು, ಸೂಜಿ ಹಾಕಲು ಬಲ್ಲ ಇನ್ನೊಬ್ಬರು, ಫ್ರಿಡ್ಜ್ ಮೇಲೊಂದು ಕ್ಯಾಲೆಂಡರ್, ವೈದ್ಯರ ಕೈಬರಹದ ಒಂದು ಚೀಟಿ ಇಷ್ಟಿದ್ದರೆ ರಾತ್ರಿ ಪಾಳಿಯ ಮನೆಯಲ್ಲೂ ಇದು ಹಲ್ಲುಜ್ಜಿದಷ್ಟೇ ಸಹಜವಾದ ಕೆಲಸವಾಗುತ್ತದೆ. ತಡವಾಯಿತೇ? ಉಸಿರು ಬಿಟ್ಟು ಫೋನ್ ಮಾಡಿ. ಅನುಮಾನವಿದೆಯೇ? ಎರಡನೇ ಸೂಜಿ ಮುಟ್ಟಬೇಡಿ.

(ಗಮನಿಸಿ: ಇದು ಸಾಮಾನ್ಯ ತಿಳಿವಳಿಕೆಗಾಗಿ ನೀಡಿರುವ ಮಾಹಿತಿ. ಇನ್ಸುಲಿನ್ ವಿಧ, ಡೋಸ್ ಮತ್ತು ಹೊತ್ತಿನ ಬದಲಾವಣೆಯನ್ನು ನಿಮ್ಮ ಬೆಕ್ಕನ್ನು ನೋಡಿರುವ ಪಶುವೈದ್ಯರೇ ನಿರ್ಧರಿಸಬೇಕು.)